ಹೊಸ ಎಸ್.ಯು.ವಿ.ಗೆ ಏನು ಬೇಕು, ಏನು ಬೇಡ

ಹೊಸ ಮೋಟಾರು ಗಾಡಿ ಮನೆಯ ಬಾಗಿಲಿಗೆ ಬರುವುದೆಂದರೆ ನಮ್ಮ ಊರುಗಳಲ್ಲಿ ಇಂದಿಗೂ ಒಂದು ಸಣ್ಣ ಹಬ್ಬವೇ ಸರಿ. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ, ಮುಂದುಗಡೆ ಸೇವಂತಿಗೆಯ ಹಾರ, ಇಷ್ಟಾದರೆ ಮನೆಯ ಹಿರಿಯರಿಗೆ ತೃಪ್ತಿ. ಆದರೆ ಗಾಡಿಯ ಯಜಮಾನರ ಮನಸ್ಸು ಅಷ್ಟಕ್ಕೆ ನಿಲ್ಲುವುದಿಲ್ಲ. ಷೋರೂಮಿನಲ್ಲಿ ಹಣ ಕಟ್ಟುವ ಹೊತ್ತಿಗೇ ಒಂದು ಉದ್ದನೆಯ ಪಟ್ಟಿ ಅವರ ಕೈಗೆ ಬಂದಿರುತ್ತದೆ. ಸೀಟಿನ ಕವರು, ನೆಲದ ಮ್ಯಾಟು, ಮುಂದಿನ ಗಾರ್ಡು, ಛಾವಣಿಯ ಕ್ಯಾರಿಯರು, ಹೆಚ್ಚಿನ ದೀಪಗಳು, ಅಗಲವಾದ ಟೈರು, ಕಪ್ಪು ಫಿಲ್ಮು, ಕ್ರೋಮಿನ ಪಟ್ಟಿ, ಹೀಗೆ ಅದಕ್ಕೆ ಕೊನೆಯೇ ಇಲ್ಲ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಮೊದಲ ವಾರದ ಉತ್ಸಾಹದಲ್ಲಿ ಸಾವಿರಾರು ರೂಪಾಯಿಗಳು ಲೆಕ್ಕವಿಲ್ಲದೆ ಹೊರಟುಹೋಗುತ್ತವೆ.

ಹಣ ಹೋಗುವುದು ಒಂದು ಮಾತು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಈ ಸಾಮಾನುಗಳಲ್ಲಿ ಕೆಲವು ಪ್ರಾಣವನ್ನು ಕಾಪಾಡುವಂಥವು; ಕೆಲವು ನೋಡಲು ಚೆಂದವಾಗಿದ್ದು ಹೊತ್ತು ಬಂದಾಗ ಪ್ರಾಣಕ್ಕೇ ಸಂಚಕಾರ ತರುವಂಥವು. ಎರಡೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಅವುಗಳನ್ನು ಬೇರ್ಪಡಿಸುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಗಾಡಿಯ ಜಾತಿ ಯಾವುದು?

ಎಸ್.ಯು.ವಿ. ಎಂಬ ಗಾಡಿಯ ಮೂಲಪುರುಷ ಜೀಪು. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾಗತೊಡಗಿದ ಆ ಗಾಡಿ, ಆ ದಶಕದ ಕೊನೆಗೆ ಮಹೀಂದ್ರ ಸಂಸ್ಥೆಯ ಮೂಲಕ ಭಾರತದಲ್ಲಿಯೂ ಜೋಡಣೆಯಾಗತೊಡಗಿತು. ಮಲೆನಾಡಿನ ಕಾಫಿ ತೋಟಗಳಿಗೆ ಹೋದವರೆಲ್ಲ ಅದನ್ನು ಬಲ್ಲರು. ಜೀಪಿನ ಕಟ್ಟಡ ಎತ್ತಿನ ಗಾಡಿಯಂತೆ ಎರಡು ಭಾಗದ್ದು: ಕೆಳಗೆ ಉಕ್ಕಿನ ಏಣಿಯಂಥ ಚಾಸಿ, ಅದರ ಮೇಲೆ ಕೂರಿಸಿದ ಒಡಲು. 1985ರಲ್ಲಿ ಬಂದ ಮಾರುತಿ ಜಿಪ್ಸಿ, 1998ರಲ್ಲಿ ಬಂದ ಟಾಟಾ ಸಫಾರಿ, 2002ರಲ್ಲಿ ಬಂದ ಮಹೀಂದ್ರ ಸ್ಕಾರ್ಪಿಯೊ, ಇವೆಲ್ಲ ಇದೇ ವಂಶದವು.

ಈಗ ಪಟ್ಟಣದ ಸಂಸಾರಗಳು ಕೊಳ್ಳುವ ಎಸ್.ಯು.ವಿ.ಗಳಲ್ಲಿ ಹೆಚ್ಚಿನವು ಈ ಜಾತಿಗೆ ಸೇರಿದವಲ್ಲ. ಅವು ನೋಡಲು ಜೀಪಿನಂತೆ ಎತ್ತರವಾಗಿದ್ದರೂ ಒಳಗೆ ಕಾರುಗಳೇ. ಅವುಗಳಿಗೆ ಬೇರೆ ಚಾಸಿ ಇಲ್ಲ. ನೆಲ, ಕಂಬ, ಛಾವಣಿ ಎಲ್ಲ ಸೇರಿ ಒಂದೇ ಪೆಟ್ಟಿಗೆ. ಇದಕ್ಕೆ ಮಾನೋಕಾಕ್ ಎನ್ನುತ್ತಾರೆ. ನಿಮ್ಮ ಗಾಡಿ ಯಾವ ಜಾತಿಯದು ಎಂಬುದನ್ನು ಮೊದಲು ಕೇಳಿ ತಿಳಿಯಬೇಕು. ಏಕೆಂದರೆ ಕಾಡುಮೇಡಿನ ಜೀಪಿಗೆ ಒಪ್ಪುವ ಭಾರವಾದ ಕಬ್ಬಿಣದ ಸಾಮಾನು, ಕಚೇರಿಗೂ ಮದುವೆ ಮನೆಗೂ ಓಡಾಡುವ ಗಾಡಿಗೆ ಒಪ್ಪುವುದಿಲ್ಲ.

ಆಮೇಲೆ ದೊರೆಯದ್ದನ್ನು ಮೊದಲು ಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ ನಡೆಯುವುದು ಸಾಮಾನಿನ ಅಂಗಡಿಯಲ್ಲಲ್ಲ, ಗಾಡಿಯನ್ನು ಬುಕ್ ಮಾಡುವ ಮೇಜಿನ ಮುಂದೆ. ಒಂದೇ ಗಾಡಿಯಲ್ಲಿ ನಾಲ್ಕಾರು ದರ್ಜೆಗಳಿರುತ್ತವೆ. ಕೆಳಗಿನ ದರ್ಜೆಯನ್ನು ಕೊಂಡು, ಉಳಿದ ಹಣದಲ್ಲಿ ಹೊರಗಿನಿಂದ ಅಲಂಕಾರ ಮಾಡಿಸಿಕೊಂಡರೆ ಮೇಲಿನ ದರ್ಜೆಯಂತೆಯೇ ಕಾಣುತ್ತದೆ ಎಂಬ ಲೆಕ್ಕಾಚಾರ ಅನೇಕರದು. ಕಾಣುವುದೇನೋ ಹೌದು. ಆದರೆ ಸೀಟಿನ ಪಕ್ಕದ ಮತ್ತು ಕಿಟಕಿಯ ಮೇಲಿನ ಏರ್‌ಬ್ಯಾಗುಗಳನ್ನು ಯಾವ ಅಂಗಡಿಯವನೂ ಆಮೇಲೆ ಹಾಕಿಕೊಡಲಾರ. ತಿರುವಿನಲ್ಲಿ ಗಾಡಿ ಜಾರತೊಡಗಿದಾಗ ಒಂದೊಂದು ಚಕ್ರದ ಬ್ರೇಕನ್ನು ಬೇರೆಬೇರೆಯಾಗಿ ಒತ್ತಿ ಗಾಡಿಯನ್ನು ದಾರಿಗೆ ತರುವ ಇ.ಎಸ್.ಸಿ. ಎಂಬ ಏರ್ಪಾಡೂ ಹಾಗೆಯೇ. ಮಗುವಿನ ಆಸನವನ್ನು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಗಾಡಿಯ ಉಕ್ಕಿಗೇ ಬೆಸೆದುಕೊಂಡು ಬಂದಿರಬೇಕು.

ಸೀಟಿನ ಕವರು, ಹಾಡಿನ ಪೆಟ್ಟಿಗೆ, ಕ್ರೋಮಿನ ಪಟ್ಟಿ, ಇವು ಇಂದಲ್ಲದಿದ್ದರೆ ಇನ್ನಾರು ತಿಂಗಳಿಗೆ ದೊರೆಯುತ್ತವೆ. ಆದುದರಿಂದ ಸೂತ್ರವಿಷ್ಟೇ: ಆಮೇಲೆ ದೊರೆಯದ ವಸ್ತುವಿಗೆ ಮೊದಲು ಹಣ, ಆಮೇಲೂ ದೊರೆಯುವ ವಸ್ತುವಿಗೆ ಆಮೇಲೆ ಹಣ.

ಸರ್ಕಾರ ಕಡ್ಡಾಯ ಮಾಡಿರುವುದೆಷ್ಟು ಎಂಬುದೂ ತಿಳಿದಿರಲಿ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗು, ಸೀಟು ಬೆಲ್ಟಿನ ಎಚ್ಚರಿಕೆ, ವೇಗದ ಎಚ್ಚರಿಕೆ, ಹಿಂದಕ್ಕೆ ಬರುವಾಗ ಸದ್ದು ಮಾಡುವ ಸೆನ್ಸರು ಕಡ್ಡಾಯವಾದವು. ಚಾಲಕನ ಪಕ್ಕದವರ ಏರ್‌ಬ್ಯಾಗು 2021ರಲ್ಲಿ ಕಡ್ಡಾಯವಾಯಿತು. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷಾಕ್ರಮ ಜಾರಿಗೆ ಬಂದು, ಗಾಡಿಗಳನ್ನು ಡಿಕ್ಕಿ ಹೊಡೆಸಿ ನೋಡಿ ನಕ್ಷತ್ರಗಳನ್ನು ಕೊಡುವ ಪದ್ಧತಿ ನಮ್ಮಲ್ಲಿಯೂ ಮೊದಲಾಯಿತು. ಈ ನಕ್ಷತ್ರಗಳು ದೊರೆಯುವುದು ಕಾರ್ಖಾನೆಯಿಂದ ಹೊರಬಂದ ರೂಪದ ಗಾಡಿಗೆ ಎಂಬುದನ್ನು ಮರೆಯಬಾರದು. ಮುಂದೆ ಕಬ್ಬಿಣ ಕಟ್ಟಿ, ಛಾವಣಿಗೆ ಭಾರ ಹೇರಿ, ತಂತಿ ಕತ್ತರಿಸಿದ ಗಾಡಿಗೆ ಆ ನಕ್ಷತ್ರಗಳು ಸಲ್ಲುತ್ತವೆಂದು ಯಾರೂ ಮಾತು ಕೊಟ್ಟಿಲ್ಲ.

ಮುಂದಿನ ಕಬ್ಬಿಣದ ಗಾರ್ಡು

ಪಟ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರವಾಗಿ ಕಾಣುವ ಸಾಮಾನೆಂದರೆ ಮುಂದಿನ ಕ್ರ್ಯಾಷ್ ಗಾರ್ಡು, ಅಂದರೆ ಬುಲ್ ಬಾರು. ಇದರ ಉಪಯೋಗ ಹೆಚ್ಚಾಗಿ ಬೆಳೆದದ್ದು ಆಸ್ಟ್ರೇಲಿಯದಲ್ಲಿ. ಜನವಸತಿಯಿಲ್ಲದ ನೂರಾರು ಮೈಲಿ ದಾರಿಯಲ್ಲಿ ರಾತ್ರಿ ಕಾಂಗರೂ ಅಡ್ಡ ಬಂದರೆ ರೇಡಿಯೇಟರ್ ಒಡೆದು ನಡುದಾರಿಯಲ್ಲಿ ನಿಲ್ಲಬಾರದೆಂದು ಅಲ್ಲಿಯ ಜನ ಹೂಡಿದ ಉಪಾಯ ಅದು. ನಮ್ಮ ಪೇಟೆಯಲ್ಲಿ ಅಡ್ಡ ಬರುವವರು ಶಾಲೆಯ ಮಕ್ಕಳು, ತರಕಾರಿ ಚೀಲ ಹಿಡಿದ ಮುದುಕರು, ಸ್ಕೂಟರಿನವರು.

ಗಾಡಿಯ ಮೂಗಿನ ಭಾಗವನ್ನು ಕಾರ್ಖಾನೆಯವರು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಡಿಕ್ಕಿಯಾದಾಗ ಆ ಭಾಗ ಮಡಿಸಿಕೊಂಡು ಪೆಟ್ಟನ್ನು ನುಂಗಬೇಕು, ಜನ ಕುಳಿತ ಭಾಗ ಗಟ್ಟಿಯಾಗಿ ನಿಲ್ಲಬೇಕು. 1950ರ ದಶಕದಲ್ಲಿ ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬಾರೆನ್ಯಿ ಬೆಳೆಸಿದ ತತ್ತ್ವ ಇದು. ತೆಂಗಿನಕಾಯಿ ಮರದಿಂದ ಬಿದ್ದರೂ ಒಳಗಿನ ಚಿಪ್ಪು ಒಡೆಯದಂತೆ ಸುತ್ತಲಿನ ನಾರು ಪೆಟ್ಟನ್ನು ತಾಳುತ್ತದಲ್ಲವೇ, ಹಾಗೆ. ಈ ಮೆತ್ತನೆಯ ಭಾಗದ ಮುಂದೆ ದಪ್ಪ ಕೊಳವೆಯ ಗಾರ್ಡನ್ನು ಕಟ್ಟಿ ಅದರ ಕಾಲುಗಳನ್ನು ಒಳಗಿನ ಉಕ್ಕಿಗೆ ಬಿಗಿದರೆ, ಪೆಟ್ಟು ನಾರನ್ನು ದಾಟಿ ನೇರವಾಗಿ ಚಿಪ್ಪಿಗೆ ತಗಲುತ್ತದೆ. ಡಿಕ್ಕಿಯನ್ನು ಅಳೆದು ಏರ್‌ಬ್ಯಾಗಿಗೆ ಸುದ್ದಿ ಕೊಡುವ ಸೆನ್ಸರುಗಳ ಲೆಕ್ಕವೂ ಇದರಿಂದ ತಪ್ಪಬಹುದು. ಇನ್ನು ದಾರಿಹೋಕನಿಗಂತೂ ಬಾಗುವ ತಗಡಿನ ಬದಲು ಬಾಗದ ಕಬ್ಬಿಣ ಎದುರಾಗುತ್ತದೆ.

ಈ ಕಾರಣಗಳಿಂದ 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಎಲ್ಲ ರಾಜ್ಯಗಳಿಗೂ ಬರೆಯಿತು. ಇವನ್ನು ಕಟ್ಟುವುದು ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣಕ್ಕೆ ವಿರುದ್ಧವೆಂದು ಅದು ತಿಳಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿ ಕಾಯಿದೆಯ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡೂ ವಿಧಿಸಬಹುದು. ಅಂಗಡಿಯವನು ಮಾರಿದನೆಂಬುದು ಗಾಡಿಯ ಯಜಮಾನನಿಗೆ ರಕ್ಷಣೆಯಾಗುವುದಿಲ್ಲ.

ಭಾರದ ಲೆಕ್ಕ

ಎಸ್.ಯು.ವಿ. ದೊಡ್ಡದು, ಎಷ್ಟು ಹೇರಿದರೂ ಹೊರುತ್ತದೆ ಎಂಬ ಭಾವನೆ ಸಾಮಾನ್ಯ. ಗಾಡಿಯ ದಾಖಲೆಗಳಲ್ಲಿ ಎರಡು ತೂಕಗಳಿರುತ್ತವೆ: ಖಾಲಿ ಗಾಡಿಯ ತೂಕ ಮತ್ತು ಎಲ್ಲ ತುಂಬಿದ ಮೇಲೆ ಮೀರಬಾರದ ತೂಕ. ಒಂದು ಗಾಡಿಗೆ ಇವು 1,300 ಕಿಲೋ ಮತ್ತು 1,750 ಕಿಲೋ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 450 ಕಿಲೋ. ಐದು ಜನ ದೊಡ್ಡವರು ತಲೆಗೆ 65 ಕಿಲೋದಂತೆ 325 ಕಿಲೋ ಆದರು. ಉಳಿದದ್ದು 125. ಮುಂದಿನ ಗಾರ್ಡು, ಹಿಂದಿನ ಗಾರ್ಡು, ಕ್ಯಾರಿಯರು, ಪಕ್ಕದ ಮೆಟ್ಟಿಲು, ಸ್ಪೀಕರಿನ ಪೆಟ್ಟಿಗೆ ಎಲ್ಲ ಸೇರಿ 80 ಕಿಲೋ ಆದರೆ, ಧರ್ಮಸ್ಥಳಕ್ಕೆ ಹೊರಟ ಸಂಸಾರದ ಬಟ್ಟೆಬರೆಗೆ ಉಳಿಯುವುದು 45 ಕಿಲೋ ಮಾತ್ರ. ಈ ಹೆಚ್ಚಿನ ಭಾರವನ್ನು ಬ್ರೇಕುಗಳು ಘಾಟಿಯ ಇಳಿಜಾರಿನುದ್ದಕ್ಕೂ ಹಿಡಿದು ನಿಲ್ಲಿಸಬೇಕು.

ಭಾರ ಎಷ್ಟು ಎಂಬುದರ ಜೊತೆಗೆ ಎಲ್ಲಿ ಎಂಬುದೂ ಮುಖ್ಯ. ಹುಲ್ಲನ್ನು ಎತ್ತರಕ್ಕೆ ಹೇರಿದ ಗಾಡಿ ಹಳ್ಳಿಯ ತಿರುವಿನಲ್ಲಿ ವಾಲುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಸ್.ಯು.ವಿ. ಮೊದಲೇ ಎತ್ತರದ ಗಾಡಿ. ಅದರ ತೂಕದ ಕೇಂದ್ರ ಸಾಧಾರಣ ಕಾರಿನದಕ್ಕಿಂತ ಮೇಲಿದೆ. ಛಾವಣಿಯ ಮೇಲೆ ಹೇರಿದಷ್ಟೂ ಅದು ಮತ್ತೂ ಮೇಲಕ್ಕೆ ಹೋಗುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಇದರ ಪರಿಣಾಮ ಚಕ್ರ ಹಿಡಿದವರ ಕೈಗೆ ತಿಳಿಯುತ್ತದೆ. ಕ್ಯಾರಿಯರು ಬೇಕೇ ಬೇಕಾದರೆ ಛಾವಣಿ ಎಷ್ಟು ಹೊರಬಲ್ಲದು ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿ, ಕ್ಯಾರಿಯರಿನ ತೂಕವನ್ನೂ ಅದರಲ್ಲಿ ಕಳೆದು ಲೆಕ್ಕ ಹಾಕಬೇಕು. ಛಾವಣಿಯ ಅಂಚಿನಲ್ಲಿ ಕಾಣುವ ಕಂಬಿಗಳು ಕೆಲವು ಗಾಡಿಗಳಲ್ಲಿ ಕೇವಲ ಅಲಂಕಾರಕ್ಕೆ ಅಂಟಿಸಿದವು. ಅವಕ್ಕೆ ಏನನ್ನೂ ಕಟ್ಟಬಾರದು. ಹಗುರವಾದ ಸಾಮಾನು ಮೇಲೆ, ಭಾರದ್ದು ಕೆಳಗೆ, ಕೆಲಸ ಮುಗಿದ ಮೇಲೆ ಕ್ಯಾರಿಯರನ್ನೇ ಬಿಚ್ಚಿಡುವುದು, ಇದು ಸರಿಯಾದ ರೂಢಿ.

ಪಕ್ಕದ ಮೆಟ್ಟಿಲಿನ ವಿಷಯ ಬೇರೆ. ಮಂಡಿನೋವಿನ ಅಜ್ಜಿಗೆ, ಸೀರೆಯುಟ್ಟು ಹತ್ತಿ ಇಳಿಯುವವರಿಗೆ ಎತ್ತರದ ಗಾಡಿ ನಿಜವಾಗಿಯೂ ತೊಂದರೆ ಕೊಡುತ್ತದೆ. ಅಂಥ ಮನೆಗಳಿಗೆ ಗಟ್ಟಿಯಾದ, ಒರಟು ರಬ್ಬರು ಹೊದಿಸಿದ ಮೆಟ್ಟಿಲು ಒಳ್ಳೆಯ ಸಾಮಾನು. ತಯಾರಕರೇ ಕೊಡುವುದನ್ನು, ಅವರು ತೋರಿಸಿದ ತೂತುಗಳಿಗೇ ಬೋಲ್ಟು ಹಾಕಿಸಿ ಕೂರಿಸಬೇಕು. ಅದು ಕೆಳಕ್ಕೆ ಇಳಿದುಕೊಂಡಷ್ಟೂ ತೋಟದ ದಾರಿಯ ದಿಣ್ಣೆಗೆ ತಗಲುತ್ತದೆಂಬುದು ನೆನಪಿರಲಿ.

ಟೈರಿನ ಅಂಕಿಗಳು

ಅಗಲವಾದ ಟೈರು ಹಾಕಿಸಿದರೆ ಗಾಡಿಗೆ ಗತ್ತು ಬರುತ್ತದೆ ಎನ್ನುತ್ತಾರೆ. ಟೈರಿನ ಮೈಮೇಲಿನ ಅಂಕಿಗಳನ್ನು ಓದಲು ಕಲಿತರೆ ಈ ಗತ್ತಿನ ಬೆಲೆ ತಿಳಿಯುತ್ತದೆ. 215/60 ಆರ್ 17 96 ಎಚ್ ಎಂದು ಬರೆದಿದೆ ಎನ್ನೋಣ. ಟೈರಿನ ಅಗಲ 215 ಮಿಲಿಮೀಟರು. ಪಕ್ಕದ ಎತ್ತರ ಆ ಅಗಲದ ನೂರಕ್ಕೆ 60, ಅಂದರೆ 129 ಮಿಲಿಮೀಟರು. ರಿಮ್ಮಿನ ಅಡ್ಡಳತೆ 17 ಅಂಗುಲ. ಎಲ್ಲ ಕೂಡಿಸಿದರೆ ಚಕ್ರದ ಒಟ್ಟು ಎತ್ತರ ಸುಮಾರು 690 ಮಿಲಿಮೀಟರು. ಕೊನೆಯ 96 ಎಂಬುದು ಒಂದು ಟೈರು 710 ಕಿಲೋ ಹೊರಬಲ್ಲದೆಂಬ ಗುರುತು. ಎಚ್ ಎಂಬುದು ಗಂಟೆಗೆ 210 ಕಿಲೋಮೀಟರ್ ವೇಗದ ಮಿತಿಯ ಗುರುತು.

ಇದರ ಬದಲು 235/60 ಆರ್ 17 ಹಾಕಿಸಿದರೆ ಚಕ್ರದ ಎತ್ತರ ಸುಮಾರು 714 ಮಿಲಿಮೀಟರು ಆಗುತ್ತದೆ, ಅಂದರೆ ನೂರಕ್ಕೆ ಮೂರೂವರೆ ಪಾಲು ಹೆಚ್ಚು. ಚಕ್ರ ಒಂದು ಸುತ್ತು ತಿರುಗಿದಾಗ ಗಾಡಿ ಹೆಚ್ಚು ದೂರ ಹೋಗುತ್ತದೆ. ಮೀಟರಿಗೆ ಅದು ಗೊತ್ತಾಗುವುದಿಲ್ಲ. ಮೊದಲು ಮೀಟರು ಸರಿಯಾಗಿ ತೋರಿಸುತ್ತಿತ್ತೆಂದು ಇಟ್ಟುಕೊಂಡರೆ, ಈಗ ಅದು ನೂರು ಎನ್ನುವಾಗ ಗಾಡಿ ನೂರಮೂರೂವರೆಯಲ್ಲಿ ಓಡುತ್ತಿರುತ್ತದೆ. ಎಂಜಿನ್ನಿಗೆ ಎಳೆತ ಹೆಚ್ಚು, ಇಂಧನದ ಖರ್ಚು ಹೆಚ್ಚು, ಬ್ರೇಕಿಗೆ ಕೆಲಸ ಹೆಚ್ಚು. ಪೂರ್ತಿ ತಿರುಗಿಸಿದಾಗ ಚಕ್ರ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಲೂಬಹುದು. ಟೈರು ಬದಲಿಸಲೇಬೇಕಾದರೆ ಅದೇ ಗಾಡಿಯ ಮೇಲಿನ ದರ್ಜೆಗೆ ತಯಾರಕರು ಕೊಡುವ ಅಳತೆಯೊಳಗೇ ಆರಿಸಬೇಕು. ಭಾರ ಮತ್ತು ವೇಗದ ಗುರುತುಗಳು ಮೊದಲಿದ್ದುದಕ್ಕಿಂತ ಕಡಿಮೆಯಾಗಬಾರದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಇನ್ನೊಂದು ಗುರುತಿರುತ್ತದೆ. 2324 ಎಂದಿದ್ದರೆ ಅದು 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಹೊಸದೆಂದು ಹಳೆಯ ದಾಸ್ತಾನನ್ನು ಕೊಟ್ಟರೆ ಇದರಿಂದ ಪತ್ತೆಯಾಗುತ್ತದೆ.

ನಿಜಕ್ಕೂ ಕೊಳ್ಳಬೇಕಾದ ಸಾಮಾನು ಗಾಳಿಯ ಒತ್ತಡ ನೋಡುವ ಸಣ್ಣ ಗೇಜು ಮತ್ತು ಗಾಡಿಯ ವಿದ್ಯುತ್ತಿನಿಂದಲೇ ನಡೆಯುವ ಗಾಳಿಯ ಪಂಪು. ಎಷ್ಟು ಒತ್ತಡವಿರಬೇಕೆಂಬುದು ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಇನ್ನೊಂದು ವಿಚಾರ: ಟೈರಿನ ಒತ್ತಡ ತೋರಿಸುವ ಏರ್ಪಾಡು ಮತ್ತು ಪಂಕ್ಚರ್ ಸರಿಪಡಿಸುವ ಕಿಟ್ಟು ಇರುವ ಕಾರುಗಳಿಗೆ ಸ್ಟೆಪ್ನಿ ಇಲ್ಲದಿದ್ದರೂ ಆದೀತೆಂದು ಸರ್ಕಾರ 2020ರಲ್ಲಿ ನಿಯಮ ಮಾಡಿದೆ. ಆದುದರಿಂದ ನಿಮ್ಮ ಹೊಸ ಗಾಡಿಯಲ್ಲಿ ಸ್ಟೆಪ್ನಿ ಇದೆಯೇ, ಇದ್ದರೆ ಪೂರ್ತಿ ಅಳತೆಯದೇ ಎಂಬುದನ್ನು ಹಿಂಬಾಗಿಲು ತೆರೆಸಿ ನೋಡಿ. ಊರಿಂದೂರಿಗೆ ದೂರವಿರುವ ಕಡೆ ಓಡಾಡುವವರಿಗೆ ಇದು ಸಣ್ಣ ಮಾತಲ್ಲ.

ತಂತಿ, ದೀಪ, ಹಾರನ್

ರಾತ್ರಿ ದಾರಿ ಸರಿಯಾಗಿ ಕಾಣುವುದಿಲ್ಲವೆಂದು ಹೆಚ್ಚು ವಾಟಿನ ಬಲ್ಬು ಹಾಕಿಸುವುದು ಬಹಳ ದಿನಗಳಿಂದ ಬಂದ ರೂಢಿ. ಇದರ ಗಣಿತ ಸುಲಭ. 12 ವೋಲ್ಟಿನ ಗಾಡಿಯಲ್ಲಿ 60 ವಾಟಿನ ಬಲ್ಬಿಗೆ 5 ಆಂಪಿಯರ್ ಹರಿಯುತ್ತದೆ. 100 ವಾಟಿನದಕ್ಕೆ ಸುಮಾರು 8.3 ಆಂಪಿಯರ್. ತಂತಿಯ ಬಿಸಿ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಬೆಳಕು ಒಂದೂವರೆ ಪಟ್ಟು ಆಗುವ ಹೊತ್ತಿಗೆ ಅದೇ ತಂತಿಯೊಳಗಿನ ಬಿಸಿ ಎರಡೂಮುಕ್ಕಾಲು ಪಟ್ಟಿಗೂ ಹೆಚ್ಚಾಗುತ್ತದೆ. ತೆಳುವಾದ ತಂತಿಯ ಹೊದಿಕೆ ಕರಗಿ ಒಂದಕ್ಕೊಂದು ತಗುಲಿದರೆ ಬೆಂಕಿ. ಗಾಡಿಯ ತಂತಿಯನ್ನು ಕತ್ತರಿಸಿ, ಹೊಸ ತಂತಿ ಹೆಣೆದು, ಮೇಲೆ ಟೇಪು ಸುತ್ತುವ ಕೆಲಸವನ್ನು ಎಂದೂ ಒಪ್ಪಬಾರದು. ಹೆಚ್ಚಿನ ವಿದ್ಯುತ್ ಸಾಮಾನು ಯಾವುದೇ ಇರಲಿ, ಅದು ತಯಾರಕರ ಕಪ್ಲರಿಗೆ ಸಿಕ್ಕಿಸುವಂತಿರಬೇಕು, ಅದಕ್ಕೆ ತನ್ನದೇ ಫ್ಯೂಸು ಇರಬೇಕು, ದೊಡ್ಡ ದೀಪಕ್ಕಾದರೆ ರಿಲೇ ಇರಬೇಕು. ತಂತಿ ಕತ್ತರಿಸಿದ್ದು ಕಂಡುಬಂದರೆ ಕಂಪನಿಯವರು ವಾರಂಟಿಯನ್ನು ನಿರಾಕರಿಸಬಹುದು.

ದೀಪದ ವಿಷಯದಲ್ಲಿ ಇನ್ನೂ ಒಂದು ಹೊಣೆಯಿದೆ. ಎಸ್.ಯು.ವಿ.ಯ ದೀಪಗಳು ಎತ್ತರದಲ್ಲಿರುವುದರಿಂದ ಎದುರಿನ ಸ್ಕೂಟರಿನವರ ಕಣ್ಣಿಗೇ ನೇರ ಹೊಡೆಯುತ್ತವೆ. ಬಾನೆಟ್ಟಿನ ಮೇಲೊಂದು, ಛಾವಣಿಯ ಮೇಲೊಂದು ದೀಪದ ಸಾಲು ಕಟ್ಟಿದವರು ತಮಗೆ ದಾರಿ ಕಾಣಲೆಂದು ಎದುರಿನವರನ್ನು ಕುರುಡರನ್ನಾಗಿ ಮಾಡುತ್ತಾರೆ. ಆಗುಂಬೆಯ ಕಡೆಯ ಮಂಜಿನಲ್ಲಿ ಬೇಕಾದದ್ದು ಎತ್ತರದ ಪ್ರಖರ ದೀಪವಲ್ಲ. ಬಂಪರಿನಲ್ಲಿ ಕೆಳಗೆ ಕೂತು, ಅಗಲವಾಗಿ ನೆಲದ ಮೇಲೆಯೇ ಬೆಳಕು ಹಾಸುವ ಫಾಗ್ ಲ್ಯಾಂಪು. ಎತ್ತರದ ಬೆಳಕು ಮಂಜಿನ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ. ಕಂಪನಿಯ ಫಾಗ್ ಲ್ಯಾಂಪು ಮಲೆನಾಡಿನವರಿಗೆ ಯೋಗ್ಯವಾದ ಖರ್ಚು. ಬಗೆಬಗೆಯ ರಾಗ ಹಾಡುವ ಹಾರನ್ನುಗಳಿಗಂತೂ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೇ ನಿಷೇಧವಿದೆ.

ಒಳಗಿನ ಸಾಮಾನುಗಳು

ಒಳಗಿನ ಸಾಮಾನು ನಿರಪಾಯಕಾರಿ ಎನ್ನಿಸುತ್ತದೆ. ಅಲ್ಲಿಯೂ ಎಚ್ಚರ ಬೇಕು. ಸೀಟಿನ ಬೆನ್ನಿನ ಪಕ್ಕದಲ್ಲಿ ಏರ್‌ಬ್ಯಾಗು ಎಂಬ ಸಣ್ಣ ಚೀಟಿ ಹೊಲಿದಿದ್ದರೆ, ಡಿಕ್ಕಿಯಾದಾಗ ಆ ಸೀಟಿನ ಹೊಲಿಗೆ ಬಿಚ್ಚಿಕೊಂಡು ಚೀಲ ಹೊರಬರಬೇಕು. ದಪ್ಪನೆಯ ಸಾಧಾರಣ ಕವರನ್ನು ಬಿಗಿಯಾಗಿ ತೊಡಿಸಿದರೆ ಅದಕ್ಕೆ ಬಾಗಿಲು ಮುಚ್ಚಿದಂತಾಯಿತು. ಅಂಥ ಸೀಟಿಗೆಂದೇ ಪಕ್ಕದಲ್ಲಿ ಬಿಚ್ಚಿಕೊಳ್ಳುವಂತೆ ಹೊಲಿದ ಕವರನ್ನೇ ಕೇಳಿ ಕೊಳ್ಳಬೇಕು.

ಡ್ಯಾಷ್‌ಬೋರ್ಡಿನ ಮೇಲೆ ಗಣಪತಿಯನ್ನೋ ಮನೆದೇವರನ್ನೋ ಕೂರಿಸುವುದು ನಮ್ಮಲ್ಲಿ ಸಹಜ. ಆದರೆ ಚಾಲಕನ ಪಕ್ಕದವರ ಎದುರಿಗೆ ಡ್ಯಾಷ್‌ಬೋರ್ಡಿನ ಒಳಗೆ ಏರ್‌ಬ್ಯಾಗು ಮಡಿಸಿಟ್ಟಿರುತ್ತದೆ. ಅದು ರೆಪ್ಪೆ ಮಿಟುಕಿಸುವುದಕ್ಕೂ ಮುಂಚೆ ಮುಚ್ಚಳವನ್ನು ಹರಿದುಕೊಂಡು ಉಬ್ಬುತ್ತದೆ. ಆ ಮುಚ್ಚಳದ ಮೇಲೆ ಅಂಟಿಸಿದ ಲೋಹದ ಮೂರ್ತಿಯಾಗಲಿ, ಅತ್ತರಿನ ಸೀಸೆಯಾಗಲಿ ಎದುರಿಗೆ ಕುಳಿತವರ ಮುಖಕ್ಕೆ ಗುಂಡಿನಂತೆ ಹಾರುತ್ತದೆ. ದೇವರಿಗೆ ನಡುವಿನ ಜಾಗ, ಏರ್‌ಬ್ಯಾಗಿನ ಮುಚ್ಚಳಕ್ಕೆ ಖಾಲಿ ಜಾಗ, ಹೀಗೆ ಇಬ್ಬರಿಗೂ ಸ್ಥಳ ಮಾಡಿಕೊಡಬಹುದು.

ನೆಲದ ಮ್ಯಾಟಿನಂಥ ಬಡಪಾಯಿ ಸಾಮಾನು ಕೂಡ ಪ್ರಾಣ ತೆಗೆದದ್ದುಂಟು. 2009ರ ಆಗಸ್ಟಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಬಳಿ ಒಂದು ಕಾರಿನಲ್ಲಿ ಬೇರೆ ಮಾದರಿಯ ಎಸ್.ಯು.ವಿ.ಗೆ ಮಾಡಿದ ಮ್ಯಾಟನ್ನು ಹಾಸಿದ್ದರು. ಆಕ್ಸಿಲರೇಟರ್ ಪೆಡಲು ಅದಕ್ಕೆ ಸಿಕ್ಕಿಕೊಂಡು ಕಾರು ನಿಲ್ಲದೆ ಓಡಿ ನಾಲ್ವರು ಸತ್ತರು. ಆಮೇಲೆ ಟೊಯೋಟಾ ಕಂಪನಿ ಲಕ್ಷಗಟ್ಟಲೆ ಗಾಡಿಗಳ ಮ್ಯಾಟು ಮತ್ತು ಪೆಡಲುಗಳ ವಿಷಯದಲ್ಲಿ ಕ್ರಮ ಕೈಗೊಳ್ಳಬೇಕಾಯಿತು. ಚಾಲಕನ ಮ್ಯಾಟು ನಿಮ್ಮ ಗಾಡಿಯ ಮಾದರಿಗೇ ಕತ್ತರಿಸಿದ್ದಾಗಿರಬೇಕು, ನೆಲದ ಕೊಕ್ಕೆಗೆ ಸಿಕ್ಕಿರಬೇಕು, ಒಂದರ ಮೇಲೊಂದು ಹಾಸಿರಬಾರದು.

ಗಾಜಿಗೆ ಹಾಕುವ ಕಪ್ಪು ಫಿಲ್ಮಿನ ಬಗ್ಗೆ ವಿವಾದ ಹಳೆಯದು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಬೆಳಕು ನೂರಕ್ಕೆ 70 ಪಾಲು, ಪಕ್ಕದ ಗಾಜಿನಲ್ಲಿ 50 ಪಾಲಾದರೂ ಹಾಯಬೇಕೆಂಬುದು ನಿಯಮ. 2012ರಲ್ಲಿ ಸುಪ್ರೀಂ ಕೋರ್ಟು ಗಾಜಿಗೆ ಫಿಲ್ಮು ಅಂಟಿಸುವುದನ್ನೇ ನಿಷೇಧಿಸಿತು. ತರುವಾಯ ನಿಯಮಕ್ಕೆ ತಿದ್ದುಪಡಿಯಾಯಿತು. ಅದನ್ನು ಆಧರಿಸಿ 2024ರಲ್ಲಿ ಕೇರಳ ಹೈಕೋರ್ಟು, ಆ 70 ಮತ್ತು 50ರ ಮಿತಿಗೆ ಒಳಪಟ್ಟ ಫಿಲ್ಮಿಗೆ ಅಡ್ಡಿಯಿಲ್ಲವೆಂದು ಹೇಳಿತು. ಏನೇ ಇರಲಿ, ಮಳೆಯ ರಾತ್ರಿಯಲ್ಲಿ ಪಕ್ಕದಿಂದ ಬರುವ ಸೈಕಲ್ಲಿನವನು ಕಾಣದಷ್ಟು ಕಪ್ಪು ಯಾವ ಕಾನೂನಿನಲ್ಲಿಯೂ ಇಲ್ಲ, ವಿವೇಕದಲ್ಲಿಯೂ ಇಲ್ಲ. ನಿಂತ ಗಾಡಿ ಬಿಸಿಲಿಗೆ ಕಾಯದಿರಲು ಮಡಿಸಿಡುವ ಪರದೆ ಸಾಕು.

ಎಂದಿಗೂ ಕೊಳ್ಳಬಾರದ ಸಾಮಾನೊಂದಿದೆ: ಸೀಟು ಬೆಲ್ಟಿನ ಸದ್ದು ನಿಲ್ಲಿಸಲು ಬಕಲಿಗೆ ಸಿಕ್ಕಿಸುವ ಸಣ್ಣ ಕ್ಲಿಪ್ಪು. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದರ ಮಾರಾಟವನ್ನು ನಿಲ್ಲಿಸುವಂತೆ ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಆಜ್ಞೆ ಮಾಡಿತು. 1959ರಲ್ಲಿ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟು ಏರ್‌ಬ್ಯಾಗಿಗೂ ಆಧಾರ. ಬೆಲ್ಟಿಲ್ಲದೆ ಕುಳಿತವರಿಗೆ ಏರ್‌ಬ್ಯಾಗೇ ಪೆಟ್ಟು ಕೊಡಬಹುದು. ಕ್ಲಿಪ್ಪಿನ ಬೆಲೆ ಅಲ್ಪ, ಅದರ ನಷ್ಟ ಅಪಾರ.

ಮೊದಲ ಸ್ಥಾನ ಮಗುವಿನ ಆಸನಕ್ಕೆ

ಮನೆಯಲ್ಲಿ ಪುಟ್ಟ ಮಗುವಿದ್ದರೆ ಪಟ್ಟಿಯ ಮೊದಲ ಸಾಲಿನಲ್ಲಿ ಬರೆಯಬೇಕಾದದ್ದು ಮಗುವಿನ ಆಸನ. ತಾಯಿಯ ಮಡಿಲು ಎಲ್ಲೆಡೆಯೂ ಕ್ಷೇಮದ ಜಾಗ, ಓಡುವ ಮೋಟಾರಿನಲ್ಲಿ ಮಾತ್ರ ಅಲ್ಲ. ಡಿಕ್ಕಿಯ ಕ್ಷಣದಲ್ಲಿ ಹತ್ತು ಕಿಲೋದ ಮಗು ನೂರಾರು ಕಿಲೋ ಭಾರದ ಬಲದಿಂದ ಮುಂದಕ್ಕೆ ಎಸೆಯಲ್ಪಡುತ್ತದೆ. ಅದನ್ನು ಹಿಡಿದಿಡುವ ತೋಳು ಯಾವ ತಾಯಿಗೂ ಇಲ್ಲ. 2019ರ ತಿದ್ದುಪಡಿ ಕಾಯಿದೆ 14 ವರ್ಷ ತುಂಬದ ಮಕ್ಕಳನ್ನು ಬೆಲ್ಟಿನಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡ ವಿಧಿಸಿದೆ. ಆಸನವನ್ನು ಮಗುವಿನ ಎತ್ತರ ತೂಕಗಳಿಗೆ ಸರಿಯಾಗಿ ಆರಿಸಿ ಹಿಂದಿನ ಸೀಟಿನಲ್ಲಿ ಕೂರಿಸಬೇಕು. ಹಸುಳೆಗಳ ಆಸನ ಗಾಡಿಯ ಹಿಂಭಾಗಕ್ಕೆ ಮುಖ ಮಾಡಿರುತ್ತದೆ. ಅಂಥದನ್ನು ಏರ್‌ಬ್ಯಾಗು ಕೆಲಸ ಮಾಡುವ ಮುಂದಿನ ಸೀಟಿನಲ್ಲಿ ಇಡಲೇಬಾರದು.

ಎರಡನೆಯದು ಹಿಂದಿನ ಕ್ಯಾಮೆರಾ. ಎತ್ತರದ ಗಾಡಿಯ ಬೆನ್ನ ಹಿಂದೆ ಕುಳಿತು ಆಡುವ ಮಗು ಯಾವ ಕನ್ನಡಿಯಲ್ಲಿಯೂ ಕಾಣದು. ಸೆನ್ಸರಿನ ಸದ್ದಿನ ಜೊತೆಗೆ ಕ್ಯಾಮೆರಾದ ಚಿತ್ರವಿದ್ದರೆ ಅಂಗಳದಲ್ಲಿ ಗಾಡಿ ಹಿಂದೆಗೆಯುವವರಿಗೆ ದೊಡ್ಡ ನೆಮ್ಮದಿ. ಇವಲ್ಲದೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕೆಟ್ಟು ನಿಂತಾಗ ದೂರಕ್ಕೆ ಹೊಳೆಯುವ ಕೆಂಪು ತ್ರಿಕೋನ, ಕೈಗೆಟುಕುವಲ್ಲಿ ಬಿಗಿದಿಟ್ಟ ಸಣ್ಣ ಅಗ್ನಿಶಾಮಕ, ಕೆಸರು ಎರಚದಂತೆ ಮಡ್ ಫ್ಲ್ಯಾಪು, ಇಷ್ಟು ಇದ್ದರೆ ಮಳೆಗಾಲದ ಸಂಸಾರ ನಡೆಯುತ್ತದೆ.

ಕೆಳಮೈಗೆ ಬಳಿಯುವ ಲೇಪದ ಬಗ್ಗೆ ಕರಾವಳಿಯವರು ಕೇಳುವುದುಂಟು. ಈಚಿನ ಗಾಡಿಗಳ ಉಕ್ಕಿಗೆ ಕಾರ್ಖಾನೆಯಲ್ಲಿಯೇ ತುಕ್ಕು ತಡೆಯುವ ಲೇಪ ಹಾಕಿರುತ್ತಾರೆ. ಉಪ್ಪುಗಾಳಿಯ ಊರಿನಲ್ಲಿ ಮತ್ತೊಂದು ಲೇಪ ಬೇಕೆನಿಸಿದರೆ ಗಾಡಿ ಹೊಸದಾಗಿರುವಾಗಲೇ, ನೀರು ಹೊರಹೋಗುವ ತೂತುಗಳು ಮುಚ್ಚದಂತೆ ಮಾಡಿಸಬೇಕು. ತೂತು ಮುಚ್ಚಿದರೆ ಒಳಗೆ ನಿಂತ ನೀರೇ ತುಕ್ಕಿಗೆ ಬೀಜವಾಗುತ್ತದೆ.

ಹಣ ಮತ್ತು ಹಕ್ಕು

ಕೊನೆಯದಾಗಿ ವ್ಯವಹಾರದ ನಾಲ್ಕು ಮಾತು. ಪ್ಯಾಕೇಜು ಎಂದು ಒಟ್ಟಾಗಿ ಹೇಳುವ ಬೆಲೆಯನ್ನು ಒಪ್ಪದೆ, ಒಂದೊಂದು ಸಾಮಾನಿನ ಬೆಲೆಯನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಈ ಸಾಮಾನುಗಳನ್ನು ಕೊಂಡರೆ ಮಾತ್ರ ಗಾಡಿ ಬೇಗ ದೊರೆಯುವುದೆಂದು ಯಾರಾದರೂ ಒತ್ತಾಯಿಸಿದರೆ, ಒಂದನ್ನು ಮಾರಲು ಇನ್ನೊಂದನ್ನು ಗಂಟುಹಾಕುವುದು 2019ರ ಗ್ರಾಹಕ ರಕ್ಷಣಾ ಕಾಯಿದೆಯ ದೃಷ್ಟಿಯಲ್ಲಿ ನಿರ್ಬಂಧಕ ವ್ಯಾಪಾರ ಪದ್ಧತಿ ಎಂಬುದು ನೆನಪಿರಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹೊರಗೆ ಹಾಕಿಸಿದ ಬೆಲೆಬಾಳುವ ಸಾಮಾನುಗಳನ್ನು ರಸೀತಿ ಸಹಿತ ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಬರೆಸಬೇಕು; ಇಲ್ಲದಿದ್ದರೆ ಕಳವಾದಾಗ ಅವುಗಳಿಗೆ ಪರಿಹಾರ ದೊರೆಯುವುದು ಕಷ್ಟ. ಎಂಜಿನ್ನಿನ ಶಕ್ತಿ ಹೆಚ್ಚಿಸುತ್ತೇವೆಂದು ಹೇಳಿ ಜೋಡಿಸುವ ಪೆಟ್ಟಿಗೆಗಳಿಂದ ದೂರವಿರಿ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ಮಾನದಂಡಕ್ಕೆ ಸರಿಯಾಗಿ ಕಂಪನಿ ಹೊಂದಿಸಿದ ಎಂಜಿನ್ನನ್ನು ಕೆದಕಿದರೆ ಹೊಗೆಯ ನಿಯಮವೂ ವಾರಂಟಿಯೂ ಒಟ್ಟಿಗೇ ಹೋಗುತ್ತವೆ.

ಹೀಗೆ ಪಟ್ಟಿಯ ಯಾವ ಸಾಮಾನನ್ನೇ ನೋಡಿದರೂ ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು. ಇದರ ತೂಕ ಎಷ್ಟು, ಎಲ್ಲಿ ಕೂರುತ್ತದೆ? ಇದಕ್ಕಾಗಿ ತಂತಿ ಕತ್ತರಿಸಬೇಕೇ? ಇದು ಏರ್‌ಬ್ಯಾಗಿಗೋ ಬೆಲ್ಟಿಗೋ ಕಣ್ಣಿಗೋ ಅಡ್ಡ ಬರುತ್ತದೆಯೇ? ಗಾಡಿಯ ಹೊರಗೆ ನಡೆದುಹೋಗುವವನಿಗೆ ಇದರಿಂದ ಏನಾಗುತ್ತದೆ? ಈ ನಾಲ್ಕಕ್ಕೂ ಸರಿಯಾದ ಉತ್ತರ ಕೊಟ್ಟ ಸಾಮಾನನ್ನು ಮೂರು ತಿಂಗಳು ಗಾಡಿ ಓಡಿಸಿದ ಮೇಲೆ, ಬೇಕೆಂಬುದು ಅನುಭವದಿಂದ ತಿಳಿದಾಗ ಕೊಳ್ಳಿ. ಮಗುವಿನ ಆಸನ ಒಂದನ್ನು ಮಾತ್ರ ಮೂರು ತಿಂಗಳು ಕಾಯಿಸಬೇಡಿ. ಗಾಡಿ ಮನೆಗೆ ಬರುವ ದಿನವೇ ಅದೂ ಬರಲಿ.